ಆರ್ಕಿಡ್‌ಗೆ ನೀರು ಹಾಕಿದ್ದು ನೀನಲ್ಲ

ಪುಟ್ಟಿ,

ಶಾಲೆಯಿಂದ ಬಂದವಳೇ ಮನೆಯೊಳಗೆ ಕಾಲಿಡದೆ ಸೀದಾ ಪಕ್ಕದ ಮನೆ ಟೀಚರ್ ಹತ್ತಿರ ಹೋಗಿ ಕೂತಿರು. ಅದಕ್ಕೇ ಈ ಚೀಟಿಯನ್ನು ಹೊರಗೆ, ನೀನು ಬಾಗಿಲಲ್ಲಿ ಬಿಟ್ಟುಹೋದ ಚಪ್ಪಲಿಯೊಳಗೆ ತುರುಕಿದ್ದೇನೆ. ನನ್ನ ಫೋನು ಒಳಗೇ ಉಳಿಯಿತು.

ನಿನ್ನೆ ಆರ್ಕಿಡ್‌ಗಳಿಗೆ ನೀರು ಸುರಿದವಳು ನೀನೇ ಅಂತ ಸುಮ್ಮನೆ ರೇಗಿಬಿಟ್ಟೆ. "ನಿನ್ನಾಣೆಗೂ ನಾನು ಮುಟ್ಟಿಲ್ಲ ಅಕ್ಕ" ಅಂದೆಯಲ್ಲ, ಅದು ನಿಜ ಕಂದ. ಇವತ್ತು ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಚಿಟ್ಟೆಯಂಥ ಹೂ ಬಿಡುವ ಆರ್ಕಿಡ್‌ನ ಬೇರು ಮತ್ತೆ ಹಸಿರಾಗಿದೆ. ನೀರಿಲ್ಲದಿದ್ದರೆ ಅದು ಬೂದಿ ಬಣ್ಣಕ್ಕೆ ತಿರುಗಬೇಕಿತ್ತು. ಪಕ್ಕದಲ್ಲೇ ಇರುವ ಬಿದಿರುಕಡ್ಡಿಯಂಥ ಆರ್ಕಿಡ್‌ಗೆ ಮಾತ್ರ ಒಂದು ಹನಿಯೂ ಬಿದ್ದಿಲ್ಲ. ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತಾಗ ಅದಕ್ಕೆ ನೀರು ಕೊಡಬಾರದು ಅಂತ ಗೊತ್ತಿರುವವರು ಇಬ್ಬರೇ: ನಾನು, ಮತ್ತು ನನಗೆ ಅದನ್ನು ಕಲಿಸಿದ ನಿನ್ನ ಭಾವ. ಅವರನ್ನು ಬಿಟ್ಟು ಬಂದಮೇಲೆ ಈ ವಿಳಾಸವನ್ನು ನಾವು ಯಾರಿಗೂ ಕೊಟ್ಟಿಲ್ಲ.

ಕೈ ತೊಳೆಯಲು ಹೋದರೆ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಸದ್ದು ಮಾಡದೆ ಹೊರಗೆ ಬಂದು ಮುಂಬಾಗಿಲಿಗೆ ಬೀಗ ಜಡಿದಿದ್ದೇನೆ. ಠಾಣೆಗೆ ಓಡುತ್ತಿದ್ದೇನೆ, ಪೊಲೀಸರ ಜೊತೆಗೇ ಬರುತ್ತೇನೆ. ಅಷ್ಟರಲ್ಲಿ ಒಳಗಿನಿಂದ "ಪುಟ್ಟಿ" ಅಂತ ಎಷ್ಟು ಅಕ್ಕರೆಯಿಂದ ಕರೆದರೂ ಓಗೊಡಬೇಡ.

ಅಕ್ಕ