ಸೊಟ್ಟ ಅಂಚು

ಬಂದಳಿಕೆ
ಸೋಮವಾರ, 19-5-2025

ಅಪ್ಪಾ,

ನಾನು ಕುಡಿದಿರಲಿಲ್ಲ. ಮೊದಲು ಅದನ್ನ ಬರೆದು ಮುಗಿಸ್ತೀನಿ, ಕ್ಷೇಮ ಸಮಾಚಾರ ಆಮೇಲೆ. ಒಂದೇ ಸೂರಿನ ಕೆಳಗಿದ್ದು ನಾಲ್ಕು ದಿನದಿಂದ ಒಬ್ಬರ ಮುಖ ಒಬ್ಬರು ನೋಡದವರಿಗೆ ಎಂಥ ಕ್ಷೇಮ? ಬರೆಯೋದು ತಡವಾಯ್ತು, ತಪ್ಪಾಯ್ತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಪೆನ್ನು ಹಿಡಿದರೆ ಬೆರಳು ನೋಯುತ್ತೆ. ಕಾಗುಣಿತ ತಪ್ಪಿದ್ದರೆ ಅದನ್ನೂ ನಿನ್ನ ತಲೆಗೇ ಕಟ್ಟಿಕೋ.

ಗದ್ದುಗೆ ಕಂಬಳಿಗೆ ನಾನು ಬೆಂಕಿನೂ ಇಡಲಿಲ್ಲ. ಜಡೆ ಊರಲ್ಲಿ ಅಕ್ಕನ ಧಾರೆಗೆ ಎಲ್ಲ ತಯಾರಾಗಿತ್ತು. ಹೆಣ್ಣಿನ ಮನೆಯ ಕಂಬಳಿ ಹಾಸಿ, ಭಂಡಾರ ಇಟ್ಟು, ಅದರ ಮೇಲೆ ಹೆಣ್ಣು ಗಂಡು ಕೂರಬೇಕು. ಭಂಡಾರ ಇಡೋದು ತಮ್ಮನ ಕೆಲಸ ಅಂತ ನೀನೇ ನನ್ನನ್ನ ಕರೆದೆ. ನಾನು ಬಗ್ಗಿದೆ. ಅಂಗೈಗೆ ಕಂಬಳಿ ಚುಚ್ಚಲಿಲ್ಲ ಅಪ್ಪಾ. ಎಣ್ಣೆ ಹಚ್ಚಿದ ತಲೆ ಹಾಗೆ ಜಾರಿತು. ಅಂಚು ನೋಡಿದರೆ ನಿನ್ನದೇ ಹೊಲಿಗೆ, ಮೂರು ಉದ್ದ ಒಂದು ಗಿಡ್ಡ. ಸಾವಿರ ಕಂಬಳಿ ನಡುವೆ ಇಟ್ಟರೂ ಅದು ನನಗೆ ಗೊತ್ತಾಗುತ್ತೆ. ತಲೆ ಕೆಟ್ಟುಹೋಯ್ತು. ಒಂದೇ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ ಅಂತ ಕಲಿಸಿದವನು ನೀನೇ. ಅದು ಕರಗಿತು. ಕರಗಿ, ಗುಂಡಗಾಗಿ, ಬೆರಳಿಗೆ ಅಂಟಿತು. ಈಗಲೂ ಗುಳ್ಳೆ ಇದೆ.

ಅಷ್ಟರಲ್ಲಿ ಅಕ್ಕನ ಅತ್ತೆ ಈಶ್ವರಮ್ಮ ಕೂಗಿಬಿಟ್ಟರು. "ಎಂತ ಮಾಡ್ತಿದ್ಯಾ ಮಾರಾಯಾ! ಗದ್ದುಗೆಗೆ ಬೆಂಕಿ ಇಡ್ತೀಯಲ್ಲಾ!"

ನಾನು ನಿನ್ನ ಮುಖ ನೋಡಿದೆ. ಏನಾದರೂ ಹೇಳ್ತೀಯ ಅಂತ. ಹೇಳಿದೆಯಲ್ಲ. ಕಪಾಳಕ್ಕೆ ಬಿಗಿದು ಹೇಳಿದೆ. "ಬೆಳಗ್ಗಿಂದ ಕುಡ್ಕೊಂಡಾನೆ ರೀ, ಈ ನನ್ಮಗನ್ನ ಹೊರಗೆ ಎಳ್ಕೊಂಡ್ ಹೋಗ್ರಿ!" ಕಂಬಳಿ ಮುಂದೆ ನಿಂತು ಸುಳ್ಳು ಹೇಳಿದರೆ ನಾಲಿಗೆ ಬೀಳುತ್ತೆ ಅಂತ ಚಿಕ್ಕಂದಿನಲ್ಲಿ ನೀನು ನನ್ನನ್ನ ಹೆದರಿಸುತ್ತಿದ್ದೆ. ನಿನ್ನ ನಾಲಿಗೆ ಬೀಳಲಿಲ್ಲ. ಹೆಂಗೆ ಬೀಳುತ್ತೆ, ಅದು ಕಂಬಳಿನೇ ಅಲ್ಲವಲ್ಲ.

ಮನೆಗೆ ಬಂದವನೇ ಅಟ್ಟ ಹತ್ತಿದೆ. ಪ್ಲಾಸ್ಟಿಕ್ ಕವರಿನಲ್ಲಿ ಮಿಷಿನ್ ಕಂಬಳಿ ಏಳು. ನಾಲ್ಕಕ್ಕೆ ನಿನ್ನ ಅಂಚು ಬಿದ್ದಿದೆ. ಐದನೆಯದರಲ್ಲಿ ಸೂಜಿ ಇನ್ನೂ ಹಾಗೇ ಚುಚ್ಚಿಕೊಂಡಿದೆ. ಕೇಳಿದ್ದಕ್ಕೆ ನೀನು ಏನಂದೆ? "ಕಾಲ ಬದ್ಲಾಗೈತಿ ಕಣೋ. ಈಗ ಯಾರು ಮುಟ್ಟಿ ನೋಡ್ತಾರೆ?"

ಕಾಲದ ಕಥೆ ನನಗೆ ಹೇಳಬೇಡ. ನೀನು ಹೇಳಿದ್ದನ್ನೇ ಕೇಳಿ ಬೆಳೆದವನು ನಾನು. ಅಜ್ಜ ಮುಂಗಾರಿಗೆ ಮೊದಲೇ ಇಪ್ಪತ್ತು ಕಂಬಳಿ ಹೊತ್ತು ಸೊರಬದ ಕಡೆ ನಡೆದು ಹೋಗ್ತಿದ್ದ, ಜಡೆ ದಾಟೋದರೊಳಗೆ ಹೆಗಲು ಖಾಲಿ. ಮಳೆಯಲ್ಲಿ ಗದ್ದೆ ಉಳೋ ಗಂಡಸಿನ ತಲೆ ಮೇಲೆಲ್ಲ ನಮ್ಮ ಕಂಬಳಿ ಕೊಪ್ಪೆ. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು, ರೇನ್‌ಕೋಟ್ ಬಂತು. ಹಾಸಿಗೆಗೆ ಬಣ್ಣಬಣ್ಣದ ಮೆತ್ತನೆ ರಗ್ಗು ಬಂತು, ಮಕ್ಕಳು ನಮ್ಮದು ಚುಚ್ಚುತ್ತೆ ಅಂದವು. ಕರಿ ಕುರಿ ಹೋಗಿ, ಉಣ್ಣೆನೇ ಇಲ್ಲದ ಮಾಂಸದ ಕುರಿ ಬಂತು. ಮೊದಲು ಉಣ್ಣೆ ಕತ್ತರಿಸಿದವನು ಕೂಲಿಗೆ ಉಣ್ಣೆನೇ ಒಯ್ಯುತ್ತಿದ್ದನಂತೆ. ಈಗ ಉಳಿದ ಕುರಿಯದನ್ನೂ ಕತ್ತರಿಸಿ ಬೇಲಿ ಸಂದಿಗೆ ಎಸೀತಾರೆ. ಹೋದ ವರ್ಷ ಗುಡವಿ ದಾರಿಯ ಚರಂಡಿಯಿಂದ ಎರಡು ಚೀಲ ಎತ್ತಿ ತಂದವನು ನಾನು. ಬೈಕಿನವನು ನಿಲ್ಲಿಸಿ "ಏನ್ಲಾ, ಸತ್ತ ನಾಯಿನಾ?" ಅಂತ ಕೇಳಿದ.

ಇದೆಲ್ಲ ನಿನ್ನ ತಪ್ಪಲ್ಲ, ಒಪ್ಪಿದೆ. ಆದರೆ ಈಗ ಮನುಷ್ಯನಿಗೆ ಕಂಬಳಿ ಬೇಕಾಗೋದು ಎರಡೇ ದಿನ. ಮದುವೆ ದಿನ, ಸತ್ತ ದಿನ. ಆ ಎರಡು ದಿನನಾದರೂ ಸಾಚಾ ಉಳಿಸಬಾರದಿತ್ತಾ? ಅದೂ ಹೆತ್ತ ಮಗಳಿಗೆ?

ಮಿಷಿನ್ ಮಾಲು ಮಾರೋದೇ ಆದರೆ ನನ್ನನ್ನ ಯಾಕೆ ಸ್ಕೂಲು ಬಿಡಿಸಿದೆ? ಮೇಷ್ಟ್ರು ಮನೆಗೆ ಬಂದು, "ಮಾಸ್ತಪ್ಪಾ, ಹುಡುಗ ಲೆಕ್ಕದಲ್ಲಿ ಚುರುಕಿದಾನೆ, ಹತ್ತನೇದು ಮುಗಿಸಲಿ" ಅಂದರು. ನೀನು "ಮೀಸೆ ಬರೋದ್ರೊಳಗೆ ಕೈ ಪಳಗಬೇಕು ಸಾ, ಇಲ್ಲಾಂದ್ರೆ ಮಗ್ಗ ಒಲಿಯಲ್ಲ" ಅಂದೆ. ಏಳು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ನೂಲಿಗೆ ಹುಣಸೆ ಬೀಜದ ಗಂಜಿ ಬಳಿದೂ ಬಳಿದೂ ಉಗುರು ಕೊಳೆಯಿತು. ಜೊತೆಯವರು ಬಸ್ಸಿನಲ್ಲಿ ಶಿಕಾರಿಪುರ ಕಾಲೇಜಿಗೆ ಹೋಗೋದನ್ನ ಕಿಟಕಿಯಿಂದ ನೋಡಿದೆ. ಕೈ ಪಳಗಿತು ಅಪ್ಪಾ. ಯಾವುದಕ್ಕೆ?

ಅಕ್ಕ ನಿನ್ನೆ ಫೋನ್ ಮಾಡಿದ್ದಳು. "ನನ್ನ ಬಾಳು ಶುರುವಾಗೋ ದಿನನೇ ಸುಟ್ಟೆಯಲ್ಲೋ, ಕುಡುಕಾ. ಇನ್ನು ನನ್ನ ಹೊಸ್ತಿಲು ತುಳಿಬೇಡ" ಅಂದಳು. ನಿಜ ನಾಲಿಗೆ ತುದಿಗೆ ಬಂದಿತ್ತು. ಅವಳ ಹಿಂದೆ ಈಶ್ವರಮ್ಮನ ದನಿ ಕೇಳಿಸ್ತು. ಹೇಳಿದ್ದರೆ, ಸುಳ್ಳು ಗದ್ದುಗೆ ತಂದ ಸೊಸೆ ಅಂತ ಅವಳು ಸಾಯೋವರೆಗೂ ಕೇಳಬೇಕಾಗುತ್ತಿತ್ತು. ಫೋನ್ ಇಟ್ಟೆ. ಕುಡುಕ ಅಂತಲೇ ಇರಲಿ. ಆದರೆ ನೀನು ಒಂದು ಸಲ, ಯಾರೂ ಇಲ್ಲದಾಗ, ನನ್ನೊಬ್ಬನ ಹತ್ತಿರ "ತಪ್ಪಾಯ್ತು" ಅನ್ನಬಹುದಿತ್ತು. ನಾಲ್ಕು ದಿನ ಕಾದೆ. ಇವತ್ತು ಬೆಳಗ್ಗೆ ನೀನು ನನ್ನ ಎದುರಿಗೇ ಕೂತು ಐದನೆಯದರ ಅಂಚಿಗೆ ಮತ್ತೆ ಸೂಜಿ ಎಳೆದೆ.

ಅವ್ವನ ಮೇಲೆ ಹಾರಾಡಬೇಡ, ಅವಳಿಗೆ ಏನೂ ಗೊತ್ತಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೋ. ನಿನ್ನ ಆಶೀರ್ವಾದ ನನಗೆ ಬೇಡ, ನಿನ್ನ ಕಾಲಿಗೂ ನಾನು ಬೀಳಲ್ಲ.

ಮಾಲತೇಶ

ಮರೆತಿದ್ದೆ: ನಿಶ್ಚಿತಾರ್ಥ ಆದ ದಿನದಿಂದ ನಾನೊಂದು ಕಂಬಳಿ ನೇಯ್ದಿದ್ದೆ, ಅಕ್ಕನಿಗೆ ಅಂತಲೇ. ಆ ಚರಂಡಿಯ ಉಣ್ಣೆ ತೊಳೆದು, ಅವ್ವನ ಕೈಲಿ ನೂಲಿಸಿ. ನಿನ್ನ ಮುಂದೆ ಹಾಸಿದೆ. ನೀನು ಕಾಲಲ್ಲೇ ಮಗುಚಿ, "ಅಂಚು ಸೊಟ್ಟ ಐತಿ, ಬೀಗರ ಮುಂದೆ ಇದನ್ನ ಹಾಸಂಗಿಲ್ಲ" ಅಂದೆ. ನಾನು ಅದನ್ನ ಮಡಚಿ ಒಳಗಿಟ್ಟೆ. ಅಪ್ಪ ಅಕ್ಕನಿಗೆ ತಾನೇ ನೇಯ್ತಾನೆ ಅಂದುಕೊಂಡೆ. ನಿನ್ನ ಕೈಗೆಲಸಕ್ಕೆ ಸೋತಿದ್ದರೆ ನನಗೆ ನಾಚಿಕೆ ಇರಲಿಲ್ಲ. ನೀನು ನನ್ನನ್ನ ಅಳೆದಿದ್ದು ಮಿಷಿನ್ ಪಕ್ಕ ಇಟ್ಟು. ಅದರ ಅಂಚು ನೆಟ್ಟಗೇ ಇದೆ, ನೋಡಿದೆ.

ಆ ಸೊಟ್ಟ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗ್ತಿದೀನಿ. ಹಿತ್ತಲಲ್ಲಿ ನೀನು ಕೆಮ್ಮೋದು ಕೇಳಿಸ್ತಿದೆ. ಈಗ ಬಾಗಿಲು ಬಡಿಯುತ್ತೆ. ಗಾಳಿ ಅಂದುಕೋಬೇಡ.