ಏಳು ಮನೆ ಆಚೆಯ ಸ್ವರ

ಮೇಲಿನ ಕೋಣೆ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ತಮ್ಮಾ,

ಸೊಂಟ ನೋವು ಹೇಗಿದೆ? ಲಿಫ್ಟ್ ರಿಪೇರಿ ಮಾಡುವವನು ಮೆಟ್ಟಿಲು ಹತ್ತಿ ಸೊಂಟ ಕೆಡಿಸಿಕೊಂಡ ಎಂದು ನಿನ್ನ ಅತ್ತಿಗೆ ನಗುತ್ತಾಳೆ. ನಕ್ಕ ಮೇಲೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ಬರೆಯಿರಿ ಅನ್ನುತ್ತಾಳೆ. ನಾವು ಇದ್ದೇವೆ. ನನ್ನ ಮಂಡಿಗಳು ಮಾತ್ರ ನಾಲ್ಕು ಗಂಟೆ ನಿಲ್ಲಲು ಒಪ್ಪುವುದಿಲ್ಲ. ಡಿಜೆಯದು ನಿಂತು ಮಾಡುವ ಕೆಲಸ ಎಂಬುದು ಐವತ್ತರ ಹತ್ತಿರ ಬಂದಾಗಲೇ ತಿಳಿಯುವುದು.

ಮೊನ್ನೆ ನಿನ್ನ ಹೆಂಡತಿ ಫೋನಿನಲ್ಲಿ ಅತ್ತಿಗೆಗೆ ಹೇಳಿದಳಂತೆ: ನೀನು ಮನೆಯಲ್ಲಿ ಹಾಡು ಹಾಕಲು ಬಿಡುವುದಿಲ್ಲ, ಇಬ್ಬರು ಕಿವಿ ಡಾಕ್ಟರರು ಏನೂ ತೊಂದರೆಯಿಲ್ಲ ಅಂದರೂ ಮೂರನೆಯವರನ್ನು ಹುಡುಕುತ್ತಿದ್ದೀಯ. ನಾನೂ ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬೇರೆ ಮಾತಿಗೆ ಜಾರಿಕೊಳ್ಳುತ್ತೇನೆ, ನಿನಗೆ ಗೊತ್ತು.

ನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನದ ವಿಷಯವೇ ಇದು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ; ಬರೆದರೆ ನನಗೂ ಕಾಣಬಹುದು. ಪ್ರತಿ ಹಾಡನ್ನೂ ಕೇಳಿ ಅದರ ಸ್ವರ ಹನ್ನೆರಡು ಮನೆಯ ಚಕ್ರದಲ್ಲಿ ಯಾವ ಮನೆಯದು ಎಂದು ಗುರುತಿಸಿ ರಟ್ಟಿನ ಚೀಟಿಯಲ್ಲಿ ಬರೆಯುವುದು ನಿನ್ನ ಪಾಲು. ಎರಡು ಹಾಡುಗಳ ವೇಗ ಸರಿಹೊಂದಿಸುವುದು ನನ್ನ ಪಾಲು. ನಾವು ಹಾಕುವ ಟ್ರಾನ್ಸ್ ಎಂಬ ಕುಣಿತದ ಸಂಗೀತದಲ್ಲಿ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಬಂದು ಎರಡೂ ಎರಡು ನಿಮಿಷ ಒಟ್ಟಿಗೆ ಸಂಸಾರ ಮಾಡಬೇಕು. ಅದೇ ಮನೆಯದೋ ಪಕ್ಕದ ಮನೆಯದೋ ಆದರೆ ಬಾಳುತ್ತವೆ. ‘ಅಣ್ಣ ಅಡುಗೆ ಮಾಡ್ತಾನೆ, ತಮ್ಮ ಉಪ್ಪು ನೋಡ್ತಾನೆ’ ಎಂದು ನಿನ್ನ ಅತ್ತಿಗೆ ಹಾಸ್ಯ ಮಾಡುತ್ತಿದ್ದಳು. ಆ ದಿನ ಕುಣಿತಕ್ಕೆ ಬಾಡಿಗೆ ಕೊಡುವ ಗೋದಾಮಿನ ಹಾಲ್‌ನಲ್ಲಿ ಎರಡು ಹಾಡು ಬೀದಿನಾಯಿಗಳಂತೆ ಕಚ್ಚಾಡಿದವು. ನಾನು ಹಾಡಿನ ಸದ್ದು ಪೂರ್ತಿ ಇಳಿಸಿ, ಹಾಲ್ ಯಜಮಾನರ ಎದುರೇ, ‘ಕಿವಿ ಅಂತ ಇದೆಯೋ, ಕನ್ನಡಕ ಸಿಕ್ಕಿಸೋಕೆ ಇಟ್ಕೊಂಡಿದ್ದೀಯೋ?’ ಅಂದೆ. ನೀನು ಕೂಗಲಿಲ್ಲ. ‘ಅಣ್ಣಾ, ಚೀಟಿ ಸರಿ ಇದೆ. ಬೀಗ ಹಾಕಿದ್ಯಾ ನೋಡು’ ಅಂದೆ. ‘ಹಾಕಿದೀನಿ, ಬೇಕಾದ್ರೆ ನೀನೇ ನೋಡ್ಕೋ’ ಅಂದೆ ನಾನು. ನೀನು ಬಗ್ಗಿ ನೋಡಿದೆ. ಬೀಗದ ಗುಂಡಿಯ ದೀಪ ಉರಿಯುತ್ತಿತ್ತು; ತಪ್ಪು ಚೀಟಿಯದೇ ಎಂದಾಯಿತು. ಹೆಡ್‌ಫೋನ್ ಮಡಿಸಿಟ್ಟು ಹೋದವನು ಮತ್ತೆ ಬರಲಿಲ್ಲ.

ಕಳೆದ ಭಾನುವಾರ ಅದೇ ಹಾಲ್‌ನಲ್ಲಿ ಡಿಜೆ ಮೇಜಿನ ಹಿಂದೆ ಒಬ್ಬನೇ ಇದ್ದೆ. ನಿಮಿಷಕ್ಕೆ ನೂರಮೂವತ್ತೆರಡು ಪೆಟ್ಟಿನ ಹಾಡೊಂದನ್ನು ನೂರನಲವತ್ತಕ್ಕೆ ಎಳೆದೆ. ನಾವು ಬೀಗ ಅನ್ನುತ್ತಿದ್ದ ಗುಂಡಿ ಒತ್ತಿದ್ದರೆ ವೇಗವಷ್ಟೇ ಏರಿ ಸ್ವರ ಇದ್ದಲ್ಲೇ ಇರುತ್ತಿತ್ತು. ಒತ್ತಿರಲಿಲ್ಲ. ಬೀಗ ಹಾಕಿದರೆ ತಾಳದ ಪೆಟ್ಟು ಮಂಕಾಗುತ್ತದೆಂದು ಕೆಲವು ಹಾಡಿಗೆ ತೆಗೆದಿಡುವುದು ನನ್ನ ಹಳೆಯ ಚಾಳಿ. ವೇಗದ ಜೊತೆ ಸ್ವರವೂ ಅರ್ಧ ಮೆಟ್ಟಿಲು ಮೇಲೇರಿತು. ಚಕ್ರದಲ್ಲಿ ಅರ್ಧ ಮೆಟ್ಟಿಲೆಂದರೆ ಏಳು ಮನೆ ಆಚೆ. ಗುರುತಿಲ್ಲದವರ ಬಾಗಿಲು ತಟ್ಟಿ ಊಟಕ್ಕೆ ಕುಳಿತಂತೆ. ಕುಣಿಯುತ್ತಿದ್ದವರು ನಿಲ್ಲಲಿಲ್ಲ. ಇಬ್ಬರು ಮುಖ ಕಿವುಚಿ ನೀರು ಕುಡಿಯಲು ಹೋದರು, ಅಷ್ಟೆ. ಬೈಯೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಉಳಿದ ಹೊತ್ತು ಕೈ ತನ್ನಷ್ಟಕ್ಕೆ ಕೆಲಸ ಮಾಡಿತು; ನಾನು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದಂತಿತ್ತು. ಈ ಕೆಲಸ ಸಾಕಾಗಿದೆ ಎಂದು ಹಿಂದೆಯೂ ಅನ್ನಿಸಿದ್ದುಂಟು. ಈ ಸಲ ಅನ್ನಿಸಿದ್ದು ಕೆಲಸದ ಬಗ್ಗೆಯಲ್ಲ.

ನಿನ್ನ ಹೆಂಡತಿಗೆ ನಮ್ಮಿಬ್ಬರ ನೆನಪು ಹೇಳು. ಮಗಳ ತಲೆ ಸವರಿದೆನೆಂದು ತಿಳಿ. ಒಳ್ಳೆಯದಾಗಲಿ.

ನಿನ್ನ
ಅಣ್ಣ

ತಾ.ಕ.: ಮೇಲೆ ಬರೆದದ್ದು ಅರ್ಧ. ಆ ದಿನವೂ ಬೀಗ ಹಾಕಿರಲಿಲ್ಲ. ನೀನು ಕೇಳಿದೊಡನೆ ತಿಳಿಯಿತು. ನೀನು ಬಗ್ಗುವುದರೊಳಗೆ ಹೆಬ್ಬೆರಳಿನಿಂದ ಒತ್ತಿದೆ. ಹಾಡು ಆಗಲೇ ಇಳಿಸಿದ್ದರಿಂದ ವ್ಯತ್ಯಾಸ ಯಾರಿಗೂ ಕೇಳಲಿಲ್ಲ. ನಿನ್ನ ಕಿವಿ ಕೆಟ್ಟಿಲ್ಲ, ಯಾವತ್ತೂ ಕೆಟ್ಟಿರಲಿಲ್ಲ. ನಿನ್ನೆ ಹಾಲ್ ಯಜಮಾನರಿಗೂ ಇದನ್ನು ಹೇಳಿದೆ. ‘ಅಯ್ಯೋ, ಅದೆಲ್ಲ ಈಗ ಯಾರಿಗೆ ನೆನಪಿದೆ ಬಿಡಿ ಸಾರ್’ ಎಂದು ನಕ್ಕರು. ಇಬ್ಬರಿಗೆ ನೆನಪಿದೆ ಎಂದು ನಿನಗೆ ಬರೆಯುತ್ತಿದ್ದೇನೆ.