ರಾಜನಿಗೆ ನನ್ನ ಮೂಗು

ಸ್ಟೇಶನ್ ಹಿಂದಿನ ಓಣಿ, ಶಹಾಬಾದ
ತಾ. ೯-೨-೧೯೭೫, ರವಿವಾರ

ತಮ್ಮಾ ಖಂಡಪ್ಪಾ,

ನಿನ್ನ ಅಣ್ಣ ಚಂದ್ರಾಮ ಎರಡೂ ಕೈ ಎತ್ತಿ ಹರಸಿದ್ದಾನೆ. ಸಿಟ್ಟಿನಲ್ಲಿ ಹರಸಿದರೂ ಹರಕೆ ಹರಕೆಯೇ, ತೆಗೆದುಕೋ. ಹುಬ್ಬಳ್ಳಿಯ ಹವಾ ಒಗ್ಗಿದೆಯೇ? ಬಣ್ಣ ಕಲಸುವಾಗ ಬರುತ್ತಿದ್ದ ಕೆಮ್ಮು ಈಗ ಹೇಗಿದೆ? ಖಾನಾವಳಿಯವರು ರೊಟ್ಟಿ ಬಿಸಿಯಾಗಿ ಹಾಕುತ್ತಾರೋ, ಮುಂಜಾನೆಯದನ್ನೇ ರಾತ್ರಿಗೂ ದಬ್ಬುತ್ತಾರೋ? ಇಲ್ಲಿ ನನ್ನ ದನಿ ಗಟ್ಟಿಯಾಗಿದೆ. ಊಟ ಮಾತ್ರ ಇಸಾಕನ ಹೋಟೆಲಿನಲ್ಲಿ. ಯಾಕೆಂದರೆ ನಿನ್ನ ಅತ್ತಿಗೆ ಹೀರಾಬಾಯಿ ಮನೆ ಬಿಟ್ಟು ಕುರಕುಂಟಾದ ಅವಳ ಅಣ್ಣನ ಮನೆಗೆ ಹೋಗಿ ಇವತ್ತಿಗೆ ಎಂಟು ದಿನ. ಅವಳನ್ನು ಕಳಿಸಿದವನು ನೀನು. ಹೌದು, ನೀನು, ನಿನ್ನ ಕುಂಚ, ನಿನ್ನ ವಾರಪತ್ರಿಕೆ. ಅವಳು ತಿರುಗಿ ಬರಬೇಕು, ಅದಕ್ಕೆ ನೀನೇ ದಾರಿ ಮಾಡಬೇಕು ಎಂದು ಹೇಳಲಿಕ್ಕೇ ಈ ಕಾಗದ.

ಪತ್ರಿಕೆಯಲ್ಲಿ ನಿನ್ನ ಚಿತ್ರಕಥೆ ‘ಹಳೇ ಕಥೆ, ಹೊಸ ಮುಖ’ ಶುರುವಾದಾಗ ಈ ಊರಿನಲ್ಲಿ ಅದಕ್ಕೆ ಡಂಗುರ ಹೊಡೆದವನು ಯಾರು? ಶುಕ್ರವಾರದ ಗಾಡಿಗೆ ಪತ್ರಿಕೆಯ ಕಟ್ಟು ಇಳಿಯುತ್ತಲೇ ಮೊದಲ ಪ್ರತಿ ಕಸಿದುಕೊಂಡು, ಇಸಾಕನ ಹೋಟೆಲಿನ ಬಾಕಿನ ಮೇಲೆ ನಿಂತು, ಚಿತ್ರ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ರಾಜನಿಗೆ ರಾಜನ ದನಿ, ರಾಕ್ಷಸಿಗೆ ರಾಕ್ಷಸಿಯ ದನಿ ಕೊಟ್ಟು ಓದಿದವನು ಯಾರು? ಕಲ್ಲಿನ ಗಣಿಯಿಂದ ಬಂದವರು ಮೈಮೇಲಿನ ಧೂಳು ಝಾಡಿಸದೆ ನಿಂತು ಕೇಳುತ್ತಿದ್ದರು. ಅವ್ವ ಹೇಳುತ್ತಿದ್ದ ಕಥೆಗಳ ರಾಕ್ಷಸಿಯನ್ನು ನೀನು ಕುಂಚಾವರಂ ಅಡವಿಯಲ್ಲಿ ಬೀಡಿ ಎಲೆ ಹೊರುವ ಹೆಂಗಸು ಮಾಡಿದೆ. ಏಳು ಹೆಡೆಯ ಸರ್ಪವನ್ನು ವಾಡಿ ಜಂಕ್ಷನ್ನಿನ ಟಿಕೀಟು ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಿಸಿದೆ. ಸಾಲಿ ಮಾಸ್ತರಕಿ ಬಿಟ್ಟ ಗುರುಲಿಂಗಯ್ಯನವರು ಮಾತ್ರ ಮುಖ ಗಂಟು ಹಾಕಿಕೊಂಡು, “ಚಂದ್ರಾಮಾ, ನಿನ್ನ ತಮ್ಮ ರಾಕ್ಷಸಿ ಕೈಯಾಗ ರೊಟ್ಟಿ ಬುತ್ತಿ ಕೊಟ್ಟಾನ. ನಾಳೆ ನಮ್ಮ ಹುಡುಗ್ರು ಯಾರಿಗಂತ ಅಂಜಬೇಕು?” ಎಂದರು. ಅದಕ್ಕೆ ಇಸಾಕ ಚಹಾ ಸೋಸುತ್ತಲೇ, “ನಿಮಗ ಅಂಜ್ಯಾರಲ್ರಿ ಮಾಸ್ತರ, ಅಷ್ಟ ಸಾಕ್” ಎಂದ. ಹೋಟೆಲಿಗೆ ಹೋಟೆಲೇ ನಕ್ಕಿತು. ನಾನು ನಿನ್ನ ಪಕ್ಷ ಹಿಡಿದು ಅರ್ಧ ತಾಸು ವಾದ ಮಾಡಿದೆ. ನನ್ನ ಗಂಟಲು ನಿನಗಾಗಿ ಹರಿದುಕೊಂಡಿದ್ದೇನೆ ಖಂಡಪ್ಪಾ. ಅದನ್ನಾದರೂ ನೆನಪಿಡಬೇಕಿತ್ತು.

ಮುಖಗಳ ವಿದ್ಯೆ ಕಲಿಸಿದವನೂ ನಾನೇ. ನೀನು ನಮ್ಮ ನಾಟಕದ ಮೇಳಕ್ಕೆ ಪರದೆ ಬರೆಯುತ್ತಿದ್ದಾಗ, ಅರಮನೆಯ ಪರದೆಯಲ್ಲಿ ಯಾವ ಊರಿನಲ್ಲಿ ಆಟವೋ ಆ ಊರಿನ ಗೌಡನ ಮುಖವನ್ನು ಮಂತ್ರಿಗೆ ಇಡು, ಸಾಹುಕಾರನ ಮೀಸೆಯನ್ನು ದ್ವಾರಪಾಲಕನಿಗೆ ಇಡು, ಜನ ತಮ್ಮ ಮುಖ ನೋಡಲಿಕ್ಕೆ ಬರುತ್ತಾರೆ ಎಂದು ಹೇಳಿಕೊಟ್ಟೆ. ಸೇಡಮ್ಮಿನಲ್ಲಿ ಪರದೆ ಇಳಿದ ಕೂಡಲೇ ಗೌಡ ಎದ್ದು ನಿಂತು ತನಗೆ ತಾನೇ ಕೈ ಮುಗಿದದ್ದು ನೆನಪಿದೆಯೇ? ಅದಕ್ಕೇ, ‘ಬೇಡಾದ ರಾಣಿ’ಯ ಕಥೆಯಲ್ಲಿ ರಾಜನಿಗೆ ನನ್ನ ಮೂಗು ಬಂದದ್ದು ಕಂಡು ನಾನು ಉಬ್ಬಿದೆ. ಆ ಡೊಂಕು ಮೂಗು, ಎಡ ಹುಬ್ಬಿನ ಗಾಯ, ಎಲ್ಲಾ ನನ್ನದೇ. ತಮ್ಮನು ಅಣ್ಣನಿಗೆ ಕಿರೀಟ ಇಟ್ಟ ಎಂದು ಇಡೀ ಹೋಟೆಲಿಗೆ ಚಹಾ ಕುಡಿಸಿದೆ, ಮೂರ್ಖ ನಾನು.

ಜನವರಿ ಹದಿನೇಳರ ಸಂಚಿಕೆ ಬಂತು. ರಾಣಿ ಜ್ವರದಲ್ಲಿ ಮಲಗಿದ್ದಾಳೆ. ರಾಜ ಮಂಚದ ಮುಂದೆ ನಿಂತು, ಕೈ ಚಾಚಿ, ಅವಳ ದುಃಖದ ಮೇಲೆ ಭಾಷಣ ಮಾಡುತ್ತಿದ್ದಾನೆ. ರಾಣಿ ನೀರು ಕೇಳುತ್ತಾಳೆ. ನಾನು ಬಾಕಿನ ಮೇಲೆ ನಿಂತು ತುಂಬು ದನಿಯಲ್ಲಿ ರಾಜನ ಮಾತು ಓದಿದೆ: “ತಡಿ, ಮಾತು ಮುಗೀಲಿ.” ಓದಿದ ಮೇಲೆ ಆ ಮಾತಿನ ಗುರುತು ಸಿಕ್ಕಿತು. ಅದು ಅವ್ವನ ಕಥೆಯಲ್ಲಿ ಇರಲಿಲ್ಲ. ಅದು ನಮ್ಮ ಮನೆಯಲ್ಲಿ ಆದದ್ದು. ಚಿತ್ತಾಪುರದ ಆಟದ ಮುಂಚೆ ಹೀರಾಬಾಯಿ ಚಳಿಜ್ವರದಲ್ಲಿ ಮಲಗಿದ್ದಾಗ ನಾನು ಅವಳ ಎದುರಿಗೇ ನಿಂತು ರಾಜನ ಶೋಕದ ತಾಲೀಮು ಮಾಡುತ್ತಿದ್ದೆ. ನೀನು ಮೂಲೆಯಲ್ಲಿ ಕುಳಿತು ಬಣ್ಣಕ್ಕೆ ಹಾಕುವ ಸರಸಿನ ಅಂಟು ಕಾಯಿಸುತ್ತಿದ್ದೆ. ಆಗ ಒಂದು ಮಾತೂ ಆಡದೆ, ಎದ್ದು ಹೋಗಿ ಅವಳಿಗೆ ನೀರು ಕೊಟ್ಟು ಬಂದು ಮತ್ತೆ ಕುಳಿತವನು, ಹನ್ನೆರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯಲ್ಲಿ ಛಾಪಿಸಿದೆ. ಜನ ನಕ್ಕರು. ಇಸಾಕ ಅಂದ ಮಾತು ಈಗಲೂ ಕಿವಿಯಲ್ಲಿದೆ: “ಚಂದ್ರಾಮಣ್ಣ, ಇವತ್ತ ನೀ ಸೋಗು ಹಾಕೂದ ಬ್ಯಾಡ. ಬರೇ ಓದು, ಸಾಕ್.”

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಎರಡು ವಾರದ ಮೇಲೆ ಓದುಗರ ಕಾಗದಗಳ ಪುಟದಲ್ಲಿ ನಿನ್ನ ರಾಜನ ಬಗ್ಗೆ ಜಗಳವೇ ಎದ್ದಿತ್ತು. ಗದಗಿನ ಒಬ್ಬರು, ರಾಜನಿಗೆ ಅಪಮಾನ ಮಾಡಿದ್ದೀರಿ ಎಂದು ಬರೆದಿದ್ದರು. ಒಳ್ಳೆಯ ಮನುಷ್ಯ, ದೇವರು ಚೆನ್ನಾಗಿಟ್ಟಿರಲಿ. ಅದನ್ನು ಎರಡು ಸಲ ಓದಿದೆ. ಅದರ ಕೆಳಗಿನದನ್ನೂ ಅದೇ ಜೋರಿನಲ್ಲಿ ಓದಿದೆ: “ರಾಜನ ಚಿತ್ರ ಬರೊಬ್ಬರಿ ಬಂದಿದೆ. ಅವನು ಕೆಟ್ಟವನಲ್ಲ. ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಆದರೆ ಅವನ ಮುಂದೆ ಯಾರ ಮಾತೂ ಮುಗಿಯುವುದಿಲ್ಲ. ಇಂಥ ರಾಜನ ಜೋಡಿ ನಾನು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಹೀರಾಬಾಯಿ, ಶಹಾಬಾದ.” ಹೋಟೆಲಿನಲ್ಲಿ ಒಬ್ಬನೂ ನಗಲಿಲ್ಲ. ಗುರುಲಿಂಗಯ್ಯನವರೇ ಬಂದು ಪತ್ರಿಕೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿಟ್ಟರು.

ನಮ್ಮ ಮೇಳದ ಬೋರ್ಡಿನ ಮೇಲೆ ಪಾತ್ರಗಳ ಹೆಸರು ತುಂಬಲಿಕ್ಕೆ ಅವಳಿಗೆ ಅಕ್ಷರ ಕಲಿಸಿದವನು ನೀನು. ನನ್ನ ಹೆಸರನ್ನು ಎಷ್ಟು ದುಂಡಗೆ ಬರೆಯುತ್ತಿದ್ದಳು. ಆ ಕೈ ಪೋಸ್ಟಿಗೆ ಕಾಗದ ಹಾಕಿದ್ದು ನನಗೆ ಗೊತ್ತಿರಲಿಲ್ಲ, ಅದು ನಿಮ್ಮ ಕಚೇರಿಗೆ ಬಂದದ್ದು ನಿನಗೆ ಗೊತ್ತಿತ್ತು. ನನಗೆ ಒಂದು ಸಾಲು ಬರೆಯಲಿಲ್ಲ. ಬೆನ್ನಿಗೆ ನಿಂತ ತಮ್ಮನೇ ಬೆನ್ನಿಗೆ ಚೂರಿ ಹಾಕಿದ. ಈ ಮಾತನ್ನು ಎಷ್ಟು ಸಲ ರಂಗದ ಮೇಲೆ ಆಡಿದ್ದೇನೋ, ಆಗೆಲ್ಲ ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಮನೆಗೆ ಹೋಗಿ ಏನು ಮಾಡಿದೆ ಎಂದು ಕೇಳುವೆಯಾ? ಅಂಗಳದಲ್ಲಿ ನಿಂತು ದ್ರೋಹದ ಬಗ್ಗೆ ಮಾತಾಡಿದೆ. ಓಣಿ ತುಂಬ ಜನ ಸೇರಿದರು. ಹೀರಾಬಾಯಿ ಹೊಸ್ತಿಲಲ್ಲಿ ಕುಳಿತು ಅಕ್ಕಿಯ ಹಳ್ಳು ಆರಿಸುತ್ತಾ ಎಲ್ಲ ಕೇಳಿದಳು. ಮರುದಿನ ಮುಂಜಾನೆ ಗಂಟು ಕಟ್ಟಿ, ನಿನ್ನ ಪತ್ರಿಕೆಗಳನ್ನೂ ಅದರಲ್ಲೇ ಇಟ್ಟುಕೊಂಡು, “ನಿಮ್ಮ ಮ್ಯಾಲ ಸಿಟ್ಟಿಲ್ಲರಿ ನನಗ. ನೀವು ಒಂದ್ಸಲ ಸುಮ್ ಕುಂತು ನಾ ಹೇಳೂದು ಪೂರಾ ಕೇಳ್ತೀರಿ ಅಂದಾಗ ಬರ್ತೀನಿ” ಎಂದಳು. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅಗಸಿ ಬಾಗಿಲು ದಾಟಿದ್ದಳು.

ಆದ್ದರಿಂದ ನನ್ನ ಅಪ್ಪಣೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ರಾಜ ಕುದುರೆ ಏರಿ ಹೋಗಿ, ರಾಣಿಯನ್ನು ಮೆರವಣಿಗೆಯಲ್ಲಿ ಕರೆತರಬೇಕು. ಊರ ಜನ ಹೂ ಚೆಲ್ಲಬೇಕು. ರಾಣಿ ತನ್ನ ತಪ್ಪು ಒಪ್ಪಿಕೊಳ್ಳಬೇಕು. ಹೀರಾಬಾಯಿ ಅದನ್ನು ಓದುತ್ತಾಳೆ, ಅವಳಿಗೆ ತಿಳಿಯುತ್ತದೆ. ಬೇಕಿದ್ದರೆ ರಾಜನ ಮಾತುಗಳನ್ನು ನಾನೇ ಬರೆದು ಕಳಿಸುತ್ತೇನೆ, ನಾಲ್ಕು ಪುಟ ಈಗಲೇ ತಯಾರಿದೆ.

ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೋ. ಥಂಡಿಯಲ್ಲಿ ತಲೆಗೆ ವಸ್ತ್ರ ಸುತ್ತಿಕೋ. ದೇವರು ನಿನ್ನ ಕೈಗೆ ಬಲ ಕೊಡಲಿ, ಸ್ವಲ್ಪ ಭಯವನ್ನೂ ಕೊಡಲಿ.

ಯಾರ ನಂಬಿಗೆ ನೀನು ಮುರಿದೆಯೋ ಆ ಅಣ್ಣ,
ಚಂದ್ರಾಮ

ತಾ. ಕ. — ಲಕೋಟೆ ಅಂಟಿಸಲಿಕ್ಕೆ ಹಿಟ್ಟಿನ ಸರಿ ಕೇಳಲು ಹೋಟೆಲಿಗೆ ಹೋಗಿದ್ದೆ. ಮೊನ್ನೆ ಶುಕ್ರವಾರದ ಸಂಚಿಕೆಯನ್ನು ನಾನು ಮುಟ್ಟಿರಲಿಲ್ಲ. ಇಸಾಕ ಅದನ್ನು ಮುಂದೆ ಇಟ್ಟ. ರಾಣಿ ತಲೆಯ ಮೇಲೆ ಗಂಟು ಹೊತ್ತು ಹೊಳೆಯ ದಂಡೆಗೆ ಬಂದು ನಿಂತಿದ್ದಾಳೆ. ಇದರ ಚಿತ್ರ ನೀನು ಬರೆದಾಗ ಹೀರಾಬಾಯಿ ಇನ್ನೂ ಗಂಟು ಕಟ್ಟಿರಲಿಲ್ಲ ಎಂದು ಲೆಕ್ಕ ಹಾಕಿದೆ. ನಿನಗೆ ಮೊದಲೇ ಕಂಡಿತ್ತು. ನನಗೆ ಕಾಣಲಿಲ್ಲ. ಮೇಲೆ ಬರೆದ ಕುದುರೆ, ಮೆರವಣಿಗೆ, ಏನೂ ಬೇಡ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಸೇಡಮ್ಮಿಗೆ ಹೋಗಿ, ಅಲ್ಲಿಂದ ಕುರಕುಂಟಾಕ್ಕೆ ಹೋಗುತ್ತೇನೆ. ಅವಳ ಎದುರಿಗೆ ಕುಳಿತು, ಅವಳು ಹೇಳುವುದು ಮುಗಿಯುವ ತನಕ ನಾನು ಬಾಯಿ ತೆರೆಯುವುದಿಲ್ಲ. ಏನು ಹೇಳಿದಳೋ ಅದನ್ನು ಒಂದು ಅಕ್ಷರ ಕೂಡಿಸದೆ ನಿನಗೆ ಬರೆಯುತ್ತೇನೆ. ಅಲ್ಲಿಯ ತನಕ ರಾಣಿಯನ್ನು ಹೊಳೆ ದಾಟಿಸಬೇಡ.